ಅಜ್ಜನ ಡಬ್ಬಿಯ ವಾಲ್ವ್‌ಗಳಲ್ಲಿ ಯಾವುದು?

ಪ್ರಶ್ನೆ: ನಮ್ಮ ಅಜ್ಜ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರ ಡಬ್ಬಿಯಲ್ಲಿ ವಾಲ್ವ್‌ಗಳು (ಹಳೇ ರೇಡಿಯೋದ ಗಾಜಿನ ಟ್ಯೂಬ್‌ಗಳು) ಸಿಕ್ಕಿವೆ: ಎರಡು ಇಸಿಎಲ್82, ಎರಡು ಇಎಲ್84, ಒಂದು ಯುಎಲ್84. ಎಲ್ಲವೂ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಂಪನಿಯವು. ಸಣ್ಣ ಸ್ಟೀರಿಯೋ ಆಂಪ್ಲಿಫೈಯರ್ ಮಾಡುವ ಆಸೆ. ಗೆಳೆಯರು ಇಎಲ್34 ತಗೋ ಅಂತಾರೆ. ಯಾವುದು ಒಳ್ಳೆಯದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಮ್ಮ ಬೆಂಗಳೂರಿನಲ್ಲೇ ತಯಾರಾದ ವಾಲ್ವ್‌ಗಳು ಅವು, ಜೋಪಾನ. ಮೊದಲು ಆ ಯುಎಲ್84 ಬೇರೆ ಇಡಿ. ಹೆಸರು ನೋಡಿ ಮೋಸ ಹೋಗಬೇಡಿ. ಮೊದಲ ಅಕ್ಷರ ಫಿಲಮೆಂಟಿನ (ವಾಲ್ವ್ ಬಿಸಿ ಮಾಡುವ ಎಳೆಯ) ಲೆಕ್ಕ ಹೇಳುತ್ತದೆ. 'ಇ' ಅಂದರೆ 6.3 ವೋಲ್ಟ್. 'ಯು' ಅಂದರೆ 100 ಮಿಲಿಆಂಪಿಯರ್. ಯುಎಲ್84ಕ್ಕೆ 45 ವೋಲ್ಟ್ ಬೇಕು. 6.3 ಕೊಟ್ಟರೆ ಅದು ಬಿಸಿಯೇ ಆಗುವುದಿಲ್ಲ.

ನಾನಾದರೆ ಇಸಿಎಲ್82 ಹಾಕುತ್ತೇನೆ. ಒಂದೇ ಗಾಜಿನೊಳಗೆ ಸಿಗ್ನಲ್ ಹಿಗ್ಗಿಸುವ ಟ್ರಯೋಡೂ ಇದೆ, ಸ್ಪೀಕರ್‌ಗೆ ಶಕ್ತಿ ಕೊಡುವ ಪೆಂಟೋಡೂ ಇದೆ. ಎರಡೇ ವಾಲ್ವ್‌ನಲ್ಲಿ ಸ್ಟೀರಿಯೋ ಮುಗಿಯಿತು. ಇಎಲ್84 ಆದರೆ ಅದಕ್ಕೆ ಮೊದಲು ಸಿಗ್ನಲ್ ಹಿಗ್ಗಿಸಲು ಇನ್ನೊಂದು ವಾಲ್ವ್, ಇಸಿಸಿ83, ಬೇಕಾಗುತ್ತದೆ. ಒಂದು ಚಾನೆಲ್‌ಗೆ ಒಂದೇ ಪವರ್ ವಾಲ್ವ್ ಇಟ್ಟು ಒಂಟಿಯಾಗಿ (ಸಿಂಗಲ್ ಎಂಡೆಡ್) ನಡೆಸಿದರೆ ಇಸಿಎಲ್82 ಸುಮಾರು 3.5 ವಾಟ್ ಕೊಡುತ್ತದೆ, ಇಎಲ್84 5.7 ವಾಟ್. ಕಿವಿಗೆ ಇದು ಬರೀ 2 ಡೆಸಿಬೆಲ್ ವ್ಯತ್ಯಾಸ, ಅಷ್ಟೇ. ಇಎಲ್34 ಸುಮಾರು 11 ವಾಟ್ ಕೊಡುತ್ತದೆ ನಿಜ. ಆದರೆ ಒಂದೊಂದರ ಫಿಲಮೆಂಟಿಗೇ 1.5 ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರ್ ಎಲ್ಲ ದಪ್ಪ, ಖರ್ಚೂ ಜಾಸ್ತಿ. ಸ್ಪೀಕರ್‌ನ ಸೆನ್ಸಿಟಿವಿಟಿ (ಒಂದು ವಾಟ್‌ಗೆ ಎಷ್ಟು ಸದ್ದು ಎಂಬ ಲೆಕ್ಕ) 90 ಡೆಸಿಬೆಲ್‌ಗಿಂತ ಮೇಲಿದ್ದರೆ ಮನೆಯ ಕೋಣೆಗೆ 3 ವಾಟ್ ಧಾರಾಳ.

ಉಳಿದ ದುಡ್ಡು ವಾಲ್ವ್‌ನಿಂದ ಸ್ಪೀಕರ್‌ಗೆ ಸಿಗ್ನಲ್ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಹಾಕಿ. ನನ್ನ ಮೊದಲ ಆಂಪ್ಲಿಫೈಯರ್‌ಗೆ ಹಳೇ ರೇಡಿಯೋದಿಂದ ಬಿಚ್ಚಿದ ಪುಟ್ಟದೊಂದನ್ನು ಹಾಕಿದ್ದೆ. ಮೃದಂಗದ ಬಲಗಡೆ ಚೆನ್ನಾಗಿ ಕೇಳುತ್ತಿತ್ತು, ಎಡಗಡೆಯ ಗುಂಕಾರವೇ ಇಲ್ಲ. ಒಂದಾದ ಮೇಲೊಂದು ಮೂರು ಇಎಲ್84 ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಕಬ್ಬಿಣದ ತಗಡಿನ ದೊಡ್ಡ ಕೋರ್ ಮೇಲೆ ಹೊಸದಾಗಿ ಸುತ್ತಿಸಿದೆ. ಅವತ್ತು ರಾತ್ರಿ ಅದೇ ಹಳೇ ವಾಲ್ವ್‌ನಲ್ಲಿ ಎಡಗೈ ಪೆಟ್ಟು ಎದೆಗೆ ತಾಕಿತು.

ಸುತ್ತುವವರಿಗೆ 5 ಕಿಲೋಓಮ್ ಆಸುಪಾಸು, ಸಿಂಗಲ್ ಎಂಡೆಡ್ ಅಂತ ಬಿಡಿಸಿ ಹೇಳಿ. 'ಇ' ಆಕಾರದ ತಗಡೆಲ್ಲ ಒಂದು ಕಡೆ, 'ಐ' ತಗಡೆಲ್ಲ ಎದುರು ಕಡೆ ಇರಬೇಕು. ನಡುವೆ ತೆಳ್ಳಗಿನ ಕಾಗದ. ಮಾಮೂಲಿಯಂತೆ ಒಂದು ಬಿಟ್ಟು ಒಂದು ಹೆಣೆದರೆ ವಾಲ್ವ್‌ನ ಡಿಸಿ ಕರೆಂಟಿಗೇ ಕೋರ್ ತುಂಬಿಹೋಗುತ್ತದೆ, ಹಾಡಿಗೆ ಜಾಗ ಉಳಿಯುವುದಿಲ್ಲ.

ಡಬ್ಬಿಯಲ್ಲಿ ಹಳೇ ಪೇಪರ್ ಕೆಪಾಸಿಟರ್ ಇದ್ದರೆ ದಯವಿಟ್ಟು ಬಳಸಬೇಡಿ. ಅವುಗಳಿಂದ ಡಿಸಿ ಕರೆಂಟ್ ಸೋರುತ್ತದೆ. ವಾಲ್ವ್‌ನ ಕ್ಯಾಥೋಡ್ ಪಿನ್‌ಗೆ ರೆಸಿಸ್ಟರ್ ಹಾಕಿ ಬಯಾಸ್ ಮಾಡಿದಾಗ (ಕರೆಂಟ್ ಹದಕ್ಕೆ ತಂದಾಗ), ಪೆಂಟೋಡಿನ ಗ್ರಿಡ್‌ನಲ್ಲಿ, ಅಂದರೆ ಸಿಗ್ನಲ್ ಒಳಬರುವ ಪಿನ್‌ನಲ್ಲಿ, ಮೀಟರ್ ಸೊನ್ನೆ ತೋರಿಸಬೇಕು. ಒಂದು ವೋಲ್ಟ್ ಪ್ಲಸ್ ಬಂದರೂ ಆ ಗ್ರಿಡ್‌ಗೆ ಸಿಗ್ನಲ್ ತರುವ ಕೆಪಾಸಿಟರ್ ಕಿತ್ತುಹಾಕಿ. ಇಲ್ಲದಿದ್ದರೆ ಪ್ಲೇಟ್ ಕೆಂಪಗೆ ಕಾದು ಅಜ್ಜನ ವಾಲ್ವ್ ಹೋಗುತ್ತದೆ.

ಪವರ್ ಸಪ್ಲೈನ ಮುಖ್ಯ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕಿಲೋಓಮ್ ರೆಸಿಸ್ಟರ್ ಇರಲಿ. ಇಲ್ಲದಿದ್ದರೆ ಸ್ವಿಚ್ ಆಫ್ ಮಾಡಿದ ಮೇಲೂ 200 ವೋಲ್ಟ್ ಅಲ್ಲೇ ಕೂತಿರುತ್ತದೆ. ಮೀಟರ್ ಸೊನ್ನೆಗೆ ಇಳಿಯುವ ತನಕ ಒಳಗೆ ಕೈ ಹಾಕಬೇಡಿ.