ಕಲ್ಲು ಗೋಡೆಯ ಮನೆಯಲ್ಲಿ ಪ್ಲಗ್ ಪಾಯಿಂಟ್ ಮೂಲಕ ಮಹಡಿ ರೂಮಿಗೆ ಇಂಟರ್ನೆಟ್ ಬರುತ್ತಾ?

ಬರುತ್ತದೆ. ಆದರೆ ಅಡಾಪ್ಟರ್ ಡಬ್ಬದ ಮೇಲಿನ 600 ಎಂಬಿಪಿಎಸ್ ನೋಡಿ ಆಸೆ ಇಟ್ಟುಕೊಳ್ಳಬೇಡಿ. ದುಡ್ಡು ಕೊಡುವ ಮೊದಲು ನಿಮ್ಮ ಮನೆಯ ಮೀಟರ್ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ.

ನೀವು ಕೇಳಿರುವುದು ಇಷ್ಟು: ಚಿಂತಾಮಣಿ ಕಡೆ ಹಳೇ ಕಲ್ಲು ಚಪ್ಪಡಿ ಮನೆ. ರೂಟರ್ ಮುಂದಿನ ಹಜಾರದಲ್ಲಿ. ನೀವು ಕೆಲಸ ಮಾಡುವುದು ಹಿಂದುಗಡೆ ಆಮೇಲೆ ಕಟ್ಟಿಸಿದ ಮಹಡಿ ರೂಮಿನಲ್ಲಿ. ಅಲ್ಲಿಗೆ ವೈಫೈ ಒಂದು ಕಡ್ಡಿಯೂ ಬರುವುದಿಲ್ಲ. ಗೋಡೆಗೆ ಡ್ರಿಲ್ ಹಾಕಲು ತಂದೆಯವರು ಬಿಡುತ್ತಿಲ್ಲ. ಪ್ಲಗ್‌ಗೆ ಸಿಕ್ಕಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ ತಗೊಂಡರೆ ಆಗುತ್ತಾ, 600 ಎಂಬಿಪಿಎಸ್ ಸಿಗುತ್ತಾ ಅಂತ.

ನಾನು ಶಿಡ್ಲಘಟ್ಟದಲ್ಲಿ ಸಿಸಿಟಿವಿ, ನೆಟ್‌ವರ್ಕ್ ಕೆಲಸ ಮಾಡುವವನು. ನಿಮ್ಮಂಥ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಒಂದೂವರೆ ಅಡಿ ಕಲ್ಲು ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತದೆ. 5 ಗಿಗಾಹರ್ಟ್ಸ್ ವೈಫೈ ಅಂತೂ ಎಷ್ಟೋ ಮನೆಗಳಲ್ಲಿ ಪಕ್ಕದ ರೂಮಿಗೇ ಸರಿಯಾಗಿ ಹೋಗಲ್ಲ. ಹಾಗಾಗಿ ನಿಮ್ಮ ಯೋಚನೆ ತಪ್ಪೇನಲ್ಲ.

ಇದು ಕೆಲಸ ಮಾಡುವ ರೀತಿ ಸುಲಭ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಅದೇ ವೈರಿನ ಮೇಲೆ ಅಡಾಪ್ಟರ್ ಇನ್ನೊಂದು ಸಣ್ಣ ಸಿಗ್ನಲ್ ಕಳಿಸುತ್ತದೆ, ಸುಮಾರು 2 ಮೆಗಾಹರ್ಟ್ಸ್‌ನಿಂದ 30ರವರೆಗೆ. ಹೊಸ ಮಾದರಿಗಳು 86ರವರೆಗೂ ಹೋಗುತ್ತವೆ. ಎರಡರ ನಡುವೆ ಅಷ್ಟೊಂದು ಅಂತರ ಇರುವುದರಿಂದ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಒಂದು ಅಡಾಪ್ಟರ್ ರೂಟರ್ ಪಕ್ಕ ಪ್ಲಗ್‌ಗೆ ಸಿಕ್ಕಿಸಿ ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಸೇರಿಸುತ್ತೀರಿ. ಇನ್ನೊಂದು ಮಹಡಿ ರೂಮಿನ ಪ್ಲಗ್‌ನಲ್ಲಿ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಕೇಬಲ್. ಎರಡರ ಪೇರ್ ಬಟನ್ ಒತ್ತಿದರೆ ಜೋಡಿಯಾಗುತ್ತವೆ, ಡೇಟಾಗೆ 128 ಬಿಟ್ ಬೀಗ ಬೀಳುತ್ತದೆ. ಪಕ್ಕದ ಮನೆಯವರು ನಿಮ್ಮ ನೆಟ್ ಕದಿಯುತ್ತಾರೆ ಅನ್ನುವ ಹೆದರಿಕೆ ಬೇಡ, ಪೇರ್ ಮಾಡುವುದನ್ನು ಮರೆಯದಿದ್ದರೆ ಸಾಕು.

ಈಗ ಆ 600ರ ವಿಷಯ. ಅದು ಹೋಗುವುದು ಬರುವುದು ಎರಡೂ ಸೇರಿಸಿ, ಲ್ಯಾಬಿನಲ್ಲಿ ಚೊಕ್ಕ ವೈರಿನ ಮೇಲೆ ಲೆಕ್ಕ ಹಾಕಿದ ವೇಗ. ತಮಾಷೆ ಏನೆಂದರೆ 600 ಅಂತ ಬರೆದ ಎಷ್ಟೋ ಸಣ್ಣ ಅಡಾಪ್ಟರ್‌ಗಳ ಲ್ಯಾನ್ ಪೋರ್ಟ್ ಇರುವುದೇ 100 ಎಂಬಿಪಿಎಸ್‌ದು. ಅಂದರೆ ವೈರಿಂಗ್ ಎಷ್ಟೇ ಚೆನ್ನಾಗಿದ್ದರೂ 100 ದಾಟುವ ಹಾಗಿಲ್ಲ. ಹಳೇ ವೈರಿಂಗ್ ಇರುವ ಮನೆಯಲ್ಲಿ 30ರಿಂದ 60 ಸಿಕ್ಕರೆ ನಾನು ಖುಷಿಪಡುತ್ತೇನೆ. ವಿಡಿಯೊ ಮೀಟಿಂಗ್‌ಗೆ 4 ಎಂಬಿಪಿಎಸ್ ನಿಲ್ಲದೆ ಬಂದರೂ ಸಾಕು, ಅಲ್ವಾ? ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರುವ ಮಾದರಿ ತಗೊಂಡರೆ ಸ್ವಲ್ಪ ಲಾಭ ಇದೆ, ಆದರೆ ವೈರಿಂಗೇ ಸರಿಯಿಲ್ಲದ ಕಡೆ ಅದೂ ಸುಮ್ನೆ.

ಅಸಲಿ ವಿಷಯ ಫೇಸ್. ನಿಮ್ಮದು ಸಿಂಗಲ್ ಫೇಸ್ ಮೀಟರ್ ಆಗಿದ್ದರೆ ಈ ತಲೆನೋವಿಲ್ಲ. ಬೋರ್‌ವೆಲ್ ಮೋಟರ್, ಗೀಸರ್ ಅಂತ ತ್ರೀ ಫೇಸ್ ತಗೊಂಡಿದ್ದರೆ ಎಲೆಕ್ಟ್ರಿಷಿಯನ್ ಲೋಡ್ ಹಂಚಿರುತ್ತಾನೆ: ಮುಂದಿನ ಮನೆ ಒಂದು ಫೇಸ್‌ಗೆ, ಅಡುಗೆಮನೆ ಇನ್ನೊಂದಕ್ಕೆ, ಆಮೇಲೆ ಕಟ್ಟಿಸಿದ ಮಹಡಿ ಮತ್ತೊಂದಕ್ಕೆ. ಅಡಾಪ್ಟರ್‌ನ ಸಿಗ್ನಲ್ ಒಂದು ಫೇಸ್‌ನಿಂದ ಇನ್ನೊಂದಕ್ಕೆ ಸರಿಯಾಗಿ ದಾಟುವುದಿಲ್ಲ. ವೈರುಗಳು ಒಂದೇ ಪೈಪಿನಲ್ಲಿ ಪಕ್ಕಪಕ್ಕ ಓಡಿದ್ದರೆ ಅಷ್ಟಿಷ್ಟು ಸೋರಿಕೊಂಡು ಹೋಗಬಹುದು. ಅದನ್ನು ನಂಬಿ ದುಡ್ಡು ಹಾಕಬಾರದು.

ಯಾವ ರೂಮು ಯಾವ ಫೇಸ್‌ನಲ್ಲಿದೆ ಅಂತ ತಿಳಿಯಲು ಟೆಸ್ಟರ್ ಕೂಡ ಬೇಕಿಲ್ಲ. ನಮ್ಮ ಕಡೆ ‘ಒಂದು ಫೇಸ್ ಹೋಗಿದೆ’ ಅನ್ನುವುದು ಎಲ್ಲರಿಗೂ ಗೊತ್ತಲ್ಲ? ಆಗ ಹಜಾರದಲ್ಲಿ ಕರೆಂಟ್ ಇದ್ದು ಮಹಡಿಯಲ್ಲಿ ಇರದಿದ್ದರೆ, ಅಥವಾ ತಿರುಗಾಮುರುಗಾ ಆದರೆ, ಎರಡೂ ಬೇರೆ ಬೇರೆ ಫೇಸ್. ಮನೆಯಲ್ಲಿ ಅಮ್ಮಂದಿರಿಗೆ ಇದು ಬಾಯಿಪಾಠ ಇರುತ್ತದೆ, ಕೇಳಿ ನೋಡಿ. ಕೆಲವು ಮನೆಗಳಲ್ಲಿ ಮೀಟರ್ ಪಕ್ಕ ತಿರುಗಿಸುವ ಫೇಸ್ ಸೆಲೆಕ್ಟರ್ ಸ್ವಿಚ್ ಹಾಕಿಸಿರುತ್ತಾರೆ. ಅಂಥ ಮನೆಯಲ್ಲಿ ಅಡಾಪ್ಟರ್ ಬೆಳಿಗ್ಗೆ ಚೆನ್ನಾಗಿ ಓಡಿ ಸಂಜೆ ಸತ್ತುಹೋಗುತ್ತದೆ. ಯಾರೋ ಮಧ್ಯಾಹ್ನ ಸ್ವಿಚ್ ತಿರುಗಿಸಿರುತ್ತಾರೆ, ಬೈಗುಳ ಬೀಳುವುದು ಅಡಾಪ್ಟರ್ ಕಂಪನಿಗೆ. ಫೇಸ್‌ಗಳ ನಡುವೆ ಕೆಪಾಸಿಟರ್ ಹಾಕಿ ಸಿಗ್ನಲ್ ದಾಟಿಸುವ ವಿಡಿಯೊಗಳು ಸಿಗುತ್ತವೆ. ಅದನ್ನು ನೋಡಿ ಕೈ ಹಾಕಬೇಡಿ. ಎರಡು ಫೇಸ್ ನಡುವೆ ಇರುವುದು 230 ಅಲ್ಲ, ಸುಮಾರು 400 ವೋಲ್ಟ್.

ಇನ್ನೊಂದು ವಿಷಯ ಯುಪಿಎಸ್. ವಿದೇಶದವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಅವರ ಮನೆಯಲ್ಲಿ ಬ್ಯಾಟರಿ ಇಟ್ಟ ಯುಪಿಎಸ್ ಇರುವುದು ಅಪರೂಪ. ನಿಮ್ಮ ರೂಟರ್ ಬಹುಶಃ ಯುಪಿಎಸ್ ಪಾಯಿಂಟ್‌ನಲ್ಲೇ ಇರುತ್ತದೆ, ಕರೆಂಟ್ ಹೋದರೂ ನೆಟ್ ಇರಲಿ ಅಂತ. ಅದೇ ಬೋರ್ಡ್‌ಗೆ ಅಡಾಪ್ಟರ್ ಸಿಕ್ಕಿಸಿ, ಮಹಡಿಯಲ್ಲಿ ಮಾಮೂಲಿ ಪಾಯಿಂಟ್‌ಗೆ ಇನ್ನೊಂದು ಹಾಕಿದರೆ ಮಧ್ಯೆ ಯುಪಿಎಸ್ ಕುಳಿತಿರುತ್ತದೆ. ಕರೆಂಟ್ ಇರುವಾಗ ಅದರ ಒಳಗಿನ ರಿಲೇ (ತಾನೇ ಬದಲಾಗುವ ಸ್ವಿಚ್) ಮೂಲಕ ಸಿಗ್ನಲ್ ಒಮ್ಮೊಮ್ಮೆ ದಾಟುತ್ತದೆ, ಸೊರಗಿಕೊಂಡು. ಕರೆಂಟ್ ಹೋದ ತಕ್ಷಣ ಮಹಡಿಯ ಅಡಾಪ್ಟರ್ ಆರಿಹೋಗುತ್ತದೆ, ಕಥೆ ಮುಗಿಯಿತು. ರೂಟರ್‌ಗೆ ಅಂತ ಸಿಗುವ ಪುಟ್ಟ 12 ವೋಲ್ಟ್ ಯುಪಿಎಸ್ ಕೂಡ ಇಲ್ಲಿ ಉಪಯೋಗಕ್ಕೆ ಬರಲ್ಲ. ಅದು ರೂಟರ್ ಓಡಿಸುತ್ತದೆ, ಗೋಡೆಯ 230 ವೋಲ್ಟ್ ಬೇಡುವ ಅಡಾಪ್ಟರನ್ನಲ್ಲ.

ಆದರೆ ಇದನ್ನೇ ತಿರುಗಿಸಿ ನೋಡಿ. ಯುಪಿಎಸ್ ಲೈನ್ ಸಾಮಾನ್ಯವಾಗಿ ಮನೆಯ ಎಲ್ಲ ರೂಮಿಗೂ ಫ್ಯಾನ್, ಲೈಟ್‌ಗೆ ಅಂತ ಹೋಗಿರುತ್ತದೆ. ಒಂದೇ ಯುಪಿಎಸ್‌ನಿಂದ ಹೊರಟಿದ್ದರಿಂದ ಅದೆಲ್ಲ ಒಂದೇ ಫೇಸ್. ತ್ರೀ ಫೇಸ್ ಮನೆಯಲ್ಲೂ ಹಾಗೇ. ಎರಡೂ ಅಡಾಪ್ಟರ್ ಯುಪಿಎಸ್ ಲೈನಿನ ಮೇಲೆ ಕೂತರೆ ಫೇಸ್ ಜಗಳವೂ ಇಲ್ಲ, ಕರೆಂಟ್ ಹೋದಾಗ ಕಟ್ ಆಗುವುದೂ ಇಲ್ಲ. ಮಹಡಿ ರೂಮಿನ ಸ್ವಿಚ್ ಬೋರ್ಡ್‌ವರೆಗೆ ಯುಪಿಎಸ್ ವೈರ್ ಬಂದಿದ್ದರೆ, ಅದೇ ಬೋರ್ಡ್‌ನಲ್ಲಿ ಒಂದು 5 ಆಂಪ್ ಸಾಕೆಟ್‌ಗೆ ಲೈನ್ ಬದಲಿಸಿ ಕೊಡುವುದು ಎಲೆಕ್ಟ್ರಿಷಿಯನ್‌ಗೆ ಸಣ್ಣ ಕೆಲಸ. ಗೋಡೆ ಮುಟ್ಟಬೇಕಿಲ್ಲ, ತಂದೆಯವರೂ ಬೇಡ ಅನ್ನಲಾರರು. ಯುಪಿಎಸ್ ಸೈನ್‌ವೇವ್, ಅಂದರೆ ಮಾಮೂಲಿ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು, ಆಗಿದ್ದರೆ ಒಳ್ಳೆಯದು. ಹಳೇ ಸ್ಕ್ವೇರ್‌ವೇವ್ ಆದರೆ ಬ್ಯಾಟರಿ ಮೇಲೆ ಓಡುವಾಗ ಲೈನಿನಲ್ಲಿ ಗದ್ದಲ ಜಾಸ್ತಿ, ವೇಗ ಇಳಿಯುತ್ತದೆ.

ಗದ್ದಲ ಅಂದೆ. ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಮಿಕ್ಸಿ, ಫ್ರಿಜ್ ಎಲ್ಲವೂ ವೈರಿಗೆ ಕಸ ಸುರಿಯುತ್ತವೆ. ನಮ್ಮೂರಲ್ಲಿ ಮನೆಗೆ ಅಂಟಿಕೊಂಡೇ ರೇಷ್ಮೆ ರೀಲಿಂಗ್ ಘಟಕ ಇರುವುದು ಹೊಸದಲ್ಲ. ಅಂಥ ಒಂದು ಮನೆಯಲ್ಲಿ ಹುಡುಗನ ಆನ್‌ಲೈನ್ ಕ್ಲಾಸಿಗೆ ಅಡಾಪ್ಟರ್ ಹಾಕಿದ್ದೆ. ಮೋಟರ್‌ಗಳು ನಿಂತಾಗ 50ರ ಹತ್ತಿರ ಬರುತ್ತಿತ್ತು. ಮೋಟರ್ ಶುರುವಾದರೆ ಅಡಾಪ್ಟರ್‌ನ ಹಸಿರು ದೀಪ ಕೆಂಪಿಗೆ ತಿರುಗಿ, ಪಾಠ ಹೇಳುವ ಮೇಷ್ಟ್ರ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಘಟಕಕ್ಕೂ ಮನೆಗೂ ಒಂದೇ ಫೇಸ್ ಇತ್ತು. ಮನೆಯ ಲೈನ್ ಬೇರೆ ಫೇಸ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಬೇರೆ ಫೇಸ್ ಅನ್ನುವುದು ಒಮ್ಮೊಮ್ಮೆ ಅನುಕೂಲಕ್ಕೂ ಬರುತ್ತದೆ.

ಅಡಾಪ್ಟರನ್ನು ನೇರ ಗೋಡೆಯ ಸಾಕೆಟ್‌ಗೇ ಹಾಕಿ. ಸ್ಪೈಕ್ ಬಸ್ಟರ್ ಇರುವ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಿದರೆ ಅದರೊಳಗಿನ ಫಿಲ್ಟರ್ ನಿಮ್ಮ ಸಿಗ್ನಲನ್ನೂ ಕಸ ಅಂದುಕೊಂಡು ಸೋಸಿಬಿಡುತ್ತದೆ. ಆನ್‌ಲೈನಲ್ಲಿ ಬರುವ ಎಷ್ಟೋ ಜೋಡಿಗಳ ಪಿನ್ ಯುರೋಪಿನದೋ ಇಂಗ್ಲೆಂಡಿನದೋ ಇರುತ್ತದೆ. ಕನ್ವರ್ಟರ್ ಹಾಕಲೇಬೇಕಾದರೆ ಬಿಗಿಯಾಗಿ ಕೂರುವಂಥದ್ದು ತಗೊಳ್ಳಿ. ಅಲುಗಾಡುವ ಪ್ಲಗ್‌ನಲ್ಲಿ ಸಿಗ್ನಲ್ಲೂ ಅಲುಗಾಡುತ್ತದೆ, ಸಾಕೆಟ್ ಸುಡುವ ಭಯ ಬೇರೆ. ದುಬಾರಿ ಮಾದರಿಗಳು ಅರ್ಥ್ ವೈರನ್ನೂ ಬಳಸಿ ವೇಗ ಹೆಚ್ಚಿಸಿಕೊಳ್ಳುತ್ತವೆ. ಹಳೇ ಕಲ್ಲು ಮನೆಯ ಎರಡು ಪಿನ್ ಸಾಕೆಟ್‌ಗೆ ಅರ್ಥಿಂಗೇ ಇರದಿದ್ದರೆ ಆ ಹೆಚ್ಚುವರಿ ದುಡ್ಡು ದಂಡ.

ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಮೊದಲು ಎರಡನ್ನೂ ಒಂದೇ ಬೋರ್ಡ್‌ನಲ್ಲಿ ಜೋಡಿ ಮಾಡಿ, ಆಮೇಲೆ ಒಂದನ್ನು ಮಹಡಿಗೆ ಒಯ್ಯಿರಿ. ಸ್ಪೀಡ್ ಟೆಸ್ಟ್ ಒಂದನ್ನೇ ನಂಬಬೇಡಿ. ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಪಿಂಗ್ (ರೂಟರ್ ಉತ್ತರ ಕೊಡುತ್ತಾ ಅಂತ ಮತ್ತೆ ಮತ್ತೆ ಕೇಳುವ ಕಮಾಂಡ್) ಹಾಕಿ ಬಿಡಿ, ಕೆಳಗೆ ಚಟ್ನಿಗೆ ಮಿಕ್ಸಿ ಹಾಕುವ ಹೊತ್ತಿನಲ್ಲಿ. ಪಿಂಗ್ ಮಧ್ಯೆ ಮಧ್ಯೆ ತಪ್ಪಿದರೆ ಮೀಟಿಂಗ್‌ನಲ್ಲಿ ನಿಮ್ಮ ಮಾತೂ ತಪ್ಪುತ್ತದೆ. ಕರೆಂಟ್ ಹೋದಾಗ ಏನಾಗುತ್ತದೆ ಅಂತ ತಿಳಿಯಲು ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿಯೂ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ, ಕೇಬಲ್ ಎಳೆಯುವ ದಾರಿ ಇದ್ದರೆ ನಾನು ಅಡಾಪ್ಟರ್ ಕಡೆ ಹೋಗುವುದೇ ಇಲ್ಲ. ಚಪ್ಪಡಿ ಮನೆಗೆ ಬೆಳಕಿಂಡಿ ಇರುತ್ತದಲ್ಲ? ಕಿಟಕಿ ಚೌಕಟ್ಟಿನ ಮೂಲೆ, ಹಳೇ ಟಿವಿ ಕೇಬಲ್ ಬಂದ ತೂತು, ಯಾವುದಾದರೂ ಸರಿ. ಅಲ್ಲಿಂದ ಹೊರಗೆ ಹಾಕುವ ಕಪ್ಪು ಕ್ಯಾಟ್ 6 ಲ್ಯಾನ್ ಕೇಬಲ್ ಗೋಡೆಗುಂಟ ಮಹಡಿಗೆ ಏರಿಸಿದರೆ ಆಯಿತು. 100 ಮೀಟರ್‌ವರೆಗೆ ಚಿಂತೆಯಿಲ್ಲ. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಕೇಳಿ, ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ. ಕರೆಂಟ್ ವೈರಿನ ಪೈಪಿಗೆ ತುರುಕಬೇಡಿ.

ಒಂದು ವೇಳೆ ಆ ಹಿಂದಿನ ಕಟ್ಟಡಕ್ಕೆ ಬೇರೆ ಮೀಟರ್ ಇದ್ದರೆ ಅಡಾಪ್ಟರ್ ಮರೆತುಬಿಡಿ. ಎರಡು ಕಟ್ಟಡದ ನಡುವೆ ಬಯಲಿನಲ್ಲಿ ತಾಮ್ರದ ಕೇಬಲ್ಲೂ ಬೇಡ. ಭರಣಿ ಮಳೆಯ ಸಿಡಿಲಿಗೆ ಎರಡೂ ಕಡೆಯ ಪೋರ್ಟ್ ಹೋಗುತ್ತವೆ. ಅಲ್ಲಿ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ಗೂ ಲ್ಯಾನ್ ಕೇಬಲ್‌ಗೂ ಕೊಂಡಿ ಹಾಕುವ ಡಬ್ಬಿ) ಹಾಕಿಸುವುದೇ ಸರಿ. ಫೈಬರ್ ಗಾಜು, ಸಿಡಿಲಿನ ಕರೆಂಟ್ ಅದರಲ್ಲಿ ಹರಿಯಲ್ಲ.

ಮೀಟರ್ ಬೋರ್ಡ್, ಯುಪಿಎಸ್ ಇರುವ ಜಾಗ, ಮಹಡಿ ರೂಮಿನ ಸ್ವಿಚ್ ಬೋರ್ಡ್ ಮೂರರ ಫೋಟೊ ಇಲ್ಲೇ ಕೆಳಗೆ ಹಾಕಿ. ಮೀಟರ್ ನಂಬರ್ ಮುಚ್ಚಿ ಹಾಕಿ. ನೋಡಿ ಹೇಳುತ್ತೇನೆ.