ಅರ್ಜೆಂಟ್ ಬೇರೆ, ಎಮರ್ಜೆನ್ಸಿ ಬೇರೆ

ಎಮರ್ಜೆನ್ಸಿ ಅಂದ್ರೆ ಅರ್ಜೆಂಟ್ ಅಂತಲೇ ಅಲ್ವಾ, ಆ ಪದ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ನಾನೂ ಎರಡೂ ಒಂದೇ ಅಂದುಕೊಂಡಿದ್ದವಳು.

ನಮ್ಮದು ದಾವಣಗೆರೆ. ಅವತ್ತು ಮಧ್ಯಾಹ್ನ ಎರಡೂವರೆಗೆ, ಊಟ ಆದ ಮೇಲೆ, ಅಪ್ಪಾಜಿ ಕೈ ಜೋಮು ಹಿಡಿದಿದೆ ಅಂದರು. ಐದು ಗಂಟೆಗೆ ಮಂಡಕ್ಕಿ ಕೊಟ್ಟೆ. ಬಲಗೈಲಿ ಎತ್ತಿದ್ದು ಬಾಯಿಗೆ ಹೋಗದೆ ಪಂಚೆ ಮೇಲೆ ಸುರಿಯಿತು. ತುಟಿ ಒಂದು ಕಡೆ ಜೋತುಬಿದ್ದಿತ್ತು.

ಅಣ್ಣ ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಕ ಹಾಕಿಸುತ್ತಿದ್ದ. ಕಾರು ಅವನ ಹತ್ತಿರ. ಫೋನ್ ಮಾಡಿ "ಅರ್ಜೆಂಟ್ ಇದೆ, ಬೇಗ ಬಾ" ಅಂದೆ. ಅಷ್ಟೇ ಅಂದೆ. ತಪ್ಪಾಗಿದ್ದು ಅಲ್ಲೇ. ನಮ್ಮ ಮನೆಯಲ್ಲಿ ಗ್ಯಾಸ್ ಮುಗಿದರೂ ಅರ್ಜೆಂಟ್, ಕರೆಂಟ್ ಬಿಲ್ಲೂ ಅರ್ಜೆಂಟ್, ಸಂತೆಗೆ ಹೋಗೋದೂ ಅರ್ಜೆಂಟ್. ದಿನಕ್ಕೆ ಹತ್ತು ಸಲ ಕೇಳಿದ ಮಾತಿಗೆ ಯಾರು ಓಡಿಬರುತ್ತಾರೆ? ಅವನಿಗೆ ಗಾಬರಿ ಆಗಬಾರದು ಅಂತ ಅಪ್ಪಾಜಿ ಹೆಸರನ್ನೇ ಎತ್ತಲಿಲ್ಲ. ಈಗ ಬರ್ತಾನೆ ಅಂತ ಬಾಗಿಲಲ್ಲಿ ನಿಂತೆ, 108ಕ್ಕೂ ಮಾಡಲಿಲ್ಲ. ಅವನು ತೂಕ ಮುಗಿಸಿ ಬಂದಾಗ ಆರೂವರೆ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಸ್ಕ್ಯಾನ್ ಆಗುವಷ್ಟರಲ್ಲಿ ಆ ಹೊತ್ತು ದಾಟಿತ್ತು. ಅಪ್ಪಾಜಿಯ ಬಲಗೈಗೆ ಇವತ್ತಿಗೂ ಶಕ್ತಿ ಬಂದಿಲ್ಲ.

ಆಮೇಲೆ ಆ ಎರಡು ಪದಗಳ ಬೆನ್ನು ಹತ್ತಿದೆ. ಎರಡೂ ಲ್ಯಾಟಿನ್ ಮೂಲದವು. 'ಉರ್ಗೆರೆ' ಅಂದರೆ ಒತ್ತು, ನೂಕು. ಅರ್ಜೆಂಟ್ ಬಂದಿದ್ದು ಅದರಿಂದ. 'ಮೆರ್ಗೆರೆ' ಅಂದರೆ ಮುಳುಗಿಸು. ಅದಕ್ಕೆ ಹೊರಗೆ ಅನ್ನೋ ಅರ್ಥದ 'ಎ' ಸೇರಿ 'ಎಮೆರ್ಗೆರೆ', ಅಂದರೆ ಮುಳುಗಿದ್ದು ಮೇಲೇಳು. 17ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷಿನಲ್ಲಿ ಎಮರ್ಜೆನ್ಸಿ ಆಗಿತ್ತು. ಕೆರೆಯಲ್ಲಿ ಮುಳುಗಿದ್ದ ಕೊರಡು ಫಕ್ಕನೆ ಮೇಲೆದ್ದ ಹಾಗೆ. ಅಪ್ಪಾಜಿ ಬಿಪಿ ಮಾತ್ರೆ ಬಿಟ್ಟು ಎಂಟು ತಿಂಗಳಾಗಿತ್ತು. ಒಳಗೇ ಇದ್ದಿದ್ದು ಅವತ್ತು ಮೇಲೆ ಬಂತು.

ಆದ್ರೆ ಎರಡರಲ್ಲಿ ಯಾವುದನ್ನ ಬಳಸಬೇಕು ಅಂತ ನೀವು ಯೋಚಿಸೋದೇ ಬೇಡ ಅಂತೀನಿ. ಎರಡನ್ನೂ ಬಿಡಿ. ಸುಮ್ನೆ ಕಣ್ಣಿಗೆ ಕಂಡಿದ್ದನ್ನ ಹೇಳಿ: "ಅಪ್ಪಾಜಿ ಬಾಯಿ ಸೊಟ್ಟಗಾಗಿದೆ, ಬಲಗೈ ಎತ್ತೋಕೆ ಆಗ್ತಿಲ್ಲ, ಮಧ್ಯಾಹ್ನ ಎರಡೂವರೆಯಿಂದ ಹೀಗಿದೆ." ಮೊದಲು 108ಕ್ಕೆ ಹೇಳಿ, ಅಣ್ಣನಿಗೆ ಆಮೇಲೆ.