ಚಂದ್ರಕ್ಕಲ ಎಲ್ಲಿದೆ?

ಕೇರಳದ ಶಾಲೆಯಲ್ಲಿ ಕನ್ನಡ ಮೀಡಿಯಂ ಅಂದರೆ ಕಂಪ್ಯೂಟರ್ ಯಾವ ಭಾಷೆಯಲ್ಲಿ ಎಂದು ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಹೈಸ್ಕೂಲು ಟೀಚರ್, ನನ್ನ ಅನುಭವ ಹೇಳುತ್ತೇನೆ.

ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು. ಹಾಗಾಗಿ ಪಾಠ ಕನ್ನಡದಲ್ಲಿ, ಸರ್ಕಾರ ಮಲಯಾಳದ್ದು. ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಏನು ಬೇಕಾದರೂ ಮಾತಾಡಬಹುದು. ಸೌಕರ್ಯಕ್ಕೇನೂ ಕೊರತೆ ಇಲ್ಲ ಮಾರಾಯ್ರೇ. 2018ರಲ್ಲಿ ಶುರುವಾದ ಹೈಟೆಕ್ ಯೋಜನೆಯಲ್ಲಿ ರಾಜ್ಯದ 45,000 ಕ್ಲಾಸುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂತು. ಎಲ್ಲವೂ ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ.

ಕಷ್ಟ ಇದ್ದದ್ದು ನನ್ನ ಬೆರಳಲ್ಲಿ. ನಾನು ಟೈಪಿಂಗ್ ಕಲಿತದ್ದು ಮಂಗಳೂರಿನಲ್ಲಿ, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ. ಅಲ್ಲಿ ಎನ್ ಒತ್ತಿದರೆ ನ, ಎಂ ಒತ್ತಿದರೆ ಮ, ಎಫ್ ಒತ್ತಿದರೆ ಒತ್ತಕ್ಷರ. ಸುಲಭ ಅಲ್ವಾ? ಇಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಬೇರೆಯೇ ಕೀಲಿ ಜೋಡಣೆ. ಮೊದಲ ದಿನ ಪ್ರೊಜೆಕ್ಟರ್ ಹಾಕಿ ನುಡಿಯ ಅಭ್ಯಾಸದಲ್ಲೇ ದೊಡ್ಡದಾಗಿ ‘ನಮ್ಮ’ ಎಂದು ಹೊಡೆದೆ. ಗೋಡೆಯ ಮೇಲೆ ಬಂದದ್ದು ‘ಲಸಿಸ’. ಎಂಟನೇ ಕ್ಲಾಸಿನವರು ಬಿಡುತ್ತಾರಾ? ಒಂದು ವಾರ ನಾನು ಲಸಿಸ ಟೀಚರ್.

ತರಬೇತಿಗೆ ಹೋದರೆ ಪೂರ್ತಿ ಮಲಯಾಳ. ಮಾತು ಅರ್ಥವಾಗುತ್ತದೆ, ಪೇಟೆಯಲ್ಲಿ ದಿನಾ ಆಡುವುದೇ. ಆದರೆ ಕೈಗೆ ಕೊಟ್ಟ ಹಾಳೆ ಓದಲು ಬರುವುದಿಲ್ಲ. ಸುಮ್ನೆ ಮಡಚಿ ಬ್ಯಾಗಿಗೆ ಹಾಕಿದೆ. ಇದು ನನ್ನೊಬ್ಬಳ ಕತೆಯಲ್ಲ, ಈ ಬೇಜಾರು ಇಲ್ಲಿ ಹಳೆಯದು.

ದಾರಿ ತೋರಿಸಿದ್ದು ನಮ್ಮ ಶಾಲೆಯ ಮಲಯಾಳ ಟೀಚರ್. ಅವರಿಗೆ ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು, ‘ಕ ಬೇಕಾ, ಕೆ ಒತ್ತಿ. ನ ಬೇಕಾ, ವಿ. ಚಂದ್ರಕ್ಕಲ ಡಿಯಲ್ಲಿ ಉಂಟು’ ಎಂದು ಹೇಳುತ್ತಾ ಹೋದರು. ಒತ್ತಿದೆ, ಕನ್ನಡವೇ ಬಂತು! ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡ, ಮಲಯಾಳ, ದೇವನಾಗರಿಯಂಥ ಭಾರತದ ಲಿಪಿಗಳಿಗೆ ಹೆಚ್ಚುಕಡಿಮೆ ಒಂದೇ ಜೋಡಣೆ. ಮಲಯಾಳದ ಕ ಎಲ್ಲಿದೆಯೋ ಕನ್ನಡದ ಕ ಕೂಡ ಅಲ್ಲೇ. ಚಂದ್ರಕ್ಕಲ ಅಂದರೆ ಮಲಯಾಳದ ಅಕ್ಷರದ ಮೇಲೆ ಕೂರುವ ಪುಟ್ಟ ಚಂದ್ರ. ಅದರ ಕೀಲಿಯೂ ನಮ್ಮ ಒತ್ತಕ್ಷರ ಮಾಡುವ ಕೀಲಿಯೂ ಒಂದೇ. ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಕಂಸದ ಕೀಲಿ. ಸ್ಕ್ರೀನಿನಲ್ಲಿ ‘ಕನ್ನಡ’. ಆ ಹೊತ್ತು ಆದ ಖುಷಿ ಜಾಸ್ತಿಯೇ ಅನ್ನಿ.

ಈಗ ನನ್ನ ಮಕ್ಕಳೂ ಅದನ್ನು ಚಂದ್ರಕ್ಕಲ ಎಂದೇ ಕರೆಯುತ್ತಾರೆ. ವ್ಯಾಕರಣದ ಪಿರಿಯಡ್‌ನಲ್ಲಿ ಮಾತ್ರ ‘ಒತ್ತಕ್ಷರ ಅನ್ನಿ’ ಎಂದು ತಿದ್ದುತ್ತೇನೆ.

ಕಳೆದ ವರ್ಷ ವಾರ್ಷಿಕೋತ್ಸವದ ಕಾಗದಕ್ಕೆ ನನಗೆ ಪುರುಸೊತ್ತು ಇರಲಿಲ್ಲ. ಆ ಟೀಚರೇ ಕೂತರು. ನಾನು ಓದಿ ಹೇಳಿದೆ, ಅವರು ಓದಲು ಬಾರದ ಕನ್ನಡವನ್ನು ಪಟಪಟನೆ ಹೊಡೆದರು. ಊರಿನ ಹೆಸರು ಬಂದಾಗ ಮಾತ್ರ ಅವರ ಬೆರಳು ಅಭ್ಯಾಸಬಲದಿಂದ ಕೊನೆಗೊಂದು ಎಕ್ಸ್, ಅಂದರೆ ಸೊನ್ನೆಯ ಕೀಲಿ, ಒತ್ತಿತು. ‘ಮಂಜೇಶ್ವರಂ’, ಮಲಯಾಳದ ರೂಪ. ಊರ ಹೆಸರಿನ ವಿಷಯ ನಮ್ಮಲ್ಲಿ ಸ್ವಲ್ಪ ಸೂಕ್ಷ್ಮ. ನಾನು ಏನೂ ಹೇಳಲಿಲ್ಲ, ಆ ಸೊನ್ನೆಯನ್ನು ಬೆರಳಿಂದ ತೋರಿಸಿದೆ. ‘ಅಯ್ಯೋ’ ಎಂದು ನಕ್ಕು ಅವರೇ ಅಳಿಸಿದರು.